ಎರಡು ಚೊಂಬು ತಣ್ಣೀರು

ನೀರಿನ ವಿಷಯದಲ್ಲಿ ಆವಲಪ್ಪನ ಜೊತೆ ವಾದಕ್ಕಿಳಿದು ಗೆದ್ದವರು ಬಂಡಮೀದಪಲ್ಲಿಯಲ್ಲಿ ಯಾರೂ ಇರಲಿಲ್ಲ. ಗೆಲ್ಲುವುದಿರಲಿ, ಎರಡನೇ ಮಾತು ಆಡಿದವರೂ ಕಡಿಮೆ. ನಗರಗೆರೆ ಹೋಬಳಿಯ ಆ ಊರಿಗೆ ಅವನು ಪಂಚಾಯಿತಿಯ ವಾಟರ್‌ಮ್ಯಾನ್. ಹಳಬರ ಬಾಯಲ್ಲಿ ನೀರುಗಂಟಿ. ಕರೆಂಟು ಬಂದ ಕೂಡಲೇ ಬೋರಿನ ಮೋಟರ್ ಹಾಕಿ ಟ್ಯಾಂಕು ತುಂಬಿಸುವುದು, ಆಮೇಲೆ ಸೈಕಲ್ಲಿನ ಅಡ್ಡಕಂಬಿಗೆ ಕಟ್ಟಿಕೊಂಡ ಉದ್ದನೆಯ ಕಬ್ಬಿಣದ ಚಾವಿಯಿಂದ ಬೀದಿಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಮೀಸೆ ಚಿಗುರುವ ವಯಸ್ಸಿನಲ್ಲಿ ಹಿಡಿದ ಚಾವಿ ಮೀಸೆ ಬೆಳ್ಳಗಾದರೂ ಕೈಬಿಟ್ಟಿರಲಿಲ್ಲ. ಮದುವೆಮನೆಯವರು ಬಂದು ಇನ್ನೊಂದು ಗಳಿಗೆ ನೀರು ಬಿಡಪ್ಪಾ ಎಂದರೆ ಬಿಡುತ್ತಿದ್ದ. ಮೆಂಬರು ಬಂದು ನಮ್ಮ ಬೀದಿಗೆ ಮೊದಲು ಬಿಡು ಎಂದರೆ ಮಾತ್ರ ಆ ದಿನ ಆ ಬೀದಿಗೆ ಎಲ್ಲರಿಗಿಂತ ಕೊನೆಗೆ ನೀರು. ಅಷ್ಟು ಕೊಬ್ಬು ಅವನಿಗಿತ್ತು, ಇಲ್ಲವೆನ್ನಲಾಗದು.

ನೀರನ್ನು ಅವನು ಅಳೆಯುತ್ತಿದ್ದದ್ದು ಕೈಯಿಂದ. ಅವನು ಹುಡುಗನಾಗಿದ್ದಾಗ ಊರಿನ ಹೆಂಗಸರು ಬಾವಿಯ ಮೆಟ್ಟಿಲಿಳಿದು ನೀರು ತರುತ್ತಿದ್ದರು. ಬಾವಿ ಬತ್ತಿತು. ಮೊದಲ ಬೋರು ಮುನ್ನೂರು ಅಡಿಗೆ ನೀರು ಕೊಟ್ಟಿತು, ಕೆಲವು ವರ್ಷಕ್ಕೆ ನಿಂತುಹೋಯಿತು. ಎರಡನೆಯದು ಏಳುನೂರು. ಈಗ ಓಡುತ್ತಿರುವುದು ಸಾವಿರದ ಮುನ್ನೂರು. ಕೊರೆಯುವ ಲಾರಿ ಬಂದಾಗಲೆಲ್ಲ ಕಾಯಿ ಒಡೆಯುವವನು ಆವಲಪ್ಪ. ಬೂದಿ ಬಣ್ಣದ ಕಲ್ಲಿನ ಹಿಟ್ಟಿನ ಜೊತೆ ಚಿಮ್ಮುವ ಮೊದಲ ನೀರಿಗೆ ಬೊಗಸೆ ಒಡ್ಡುವವನೂ ಅವನೇ. ಬೋರು ಆಳಕ್ಕೆ ಹೋದಷ್ಟೂ ನೀರು ಬೆಚ್ಚಗಾಗುತ್ತ ಬಂದದ್ದನ್ನು ಆ ಬೊಗಸೆ ಕಂಡಿತ್ತು. ಮಾರ್ಗಶಿರದ ಚಳಿಯಲ್ಲಿ ಕೊಳಾಯಿ ಬಾಯಿಂದ ಹಬೆ ಏಳುತ್ತಿತ್ತು. ಹೆಂಗಸರು ಒಲೆ ಹಚ್ಚದೆ ಮಕ್ಕಳಿಗೆ ಮೈತೊಳೆದು, “ನಮ್ಮ ಆವಲಪ್ಪ ಕಾಯಿಸಿದ ನೀರೇ ಬಿಡ್ತಾನೆ ಕಣಮ್ಮ” ಎಂದು ನಗುತ್ತಿದ್ದರು. ಬೇಸಿಗೆಯ ಸುಡುಬಿಸಿಲಿನಲ್ಲಿ ಅದೇ ನೀರು ಮೈಗೆ ತಂಪಾಗಿ ತೋರುತ್ತಿತ್ತು. ಇಷ್ಟರಿಂದ ಆವಲಪ್ಪ ಒಂದು ಶಾಸ್ತ್ರ ಕಟ್ಟಿಕೊಂಡಿದ್ದ: ಆಳದ ನೀರು ಬಿಸಿ, ಅದರಲ್ಲೂ ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು. ಊರಿನಲ್ಲಿ ಯಾರನ್ನು ಕೇಳಿದರೂ ಹೌದು ಎನ್ನುವ ಮಾತು ಅದು.

ಆಳದಿಂದ ಬಿಸಿಯ ಜೊತೆ ಇನ್ನೊಂದು ಬಂತು. ಅದು ಬೊಗಸೆಗೆ ತಿಳಿಯುವಂಥದ್ದಲ್ಲ, ನಾಲಿಗೆಗೂ ತಿಳಿಯದು. ಮೊದಲು ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣಿಸಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತರು. ಆಮೇಲೆ ದೊಡ್ಡವರ ಮಂಡಿ, ಸೊಂಟ, ಕತ್ತು ಬಿಗಿಯತೊಡಗಿದವು. ಯಾರೋ ಬಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋದರು. ಇನ್ನೊಂದು ದಿನ ಬಂದು, ಫ್ಲೋರೈಡ್ ಜಾಸ್ತಿ ಇದೆ, ಕುಡಿಯಬೇಡಿ ಎಂದು ಹೇಳಿ ಬೋರಿನ ಬಾಯಿಗೆ ಕೆಂಪು ಬಣ್ಣ ಬಳಿದು ಹೋದರು. ಕೆಂಪು ಬಣ್ಣ ಬಳಿದರೆ ಬಾಯಾರಿಕೆ ನಿಲ್ಲುತ್ತದೆಯೇ? ಊರಿಗೆಲ್ಲ ಇದ್ದದ್ದು ಅದೊಂದೇ ಬೋರು. ಬಣ್ಣ ಮಾಸಿತು, ನೀರು ಹರಿಯುತ್ತಲೇ ಇತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಷ್ಟೋ ವರ್ಷದ ನಂತರ ಶುದ್ಧ ನೀರಿನ ಘಟಕ ಬಂತು. ಅದೂ ಒಂದು ತಿಂಗಳು ಓಡಿದರೆ ಎರಡು ತಿಂಗಳು ಕೆಟ್ಟಿರುತ್ತಿತ್ತು.

ಆವಲಪ್ಪನ ಹೆಂಡತಿ ಕದಿರಮ್ಮ ಚಿಂತಾಮಣಿ ಕಡೆಯವಳು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಎಂಬ ಗಾದೆ ಅವಳೊಬ್ಬಳ ವಿಷಯದಲ್ಲಿ ಸುಳ್ಳಾಯಿತು. ಮದುವೆಯಾಗಿ ಬಂದಂದಿನಿಂದ ಅವಳು ನಲ್ಲಿಯ ಮುಂದೆ ಕೊಡ ಇಟ್ಟು ಸಾಲು ನಿಂತವಳಲ್ಲ. ನೀರು ಟ್ಯಾಂಕಿಗೆ ಏರುವ ಮೊದಲು, ನೇರ ಬೋರಿನ ಬಾಯಿಂದ ಎರಡು ಬಿಂದಿಗೆ ತುಂಬಿಸಿ ಸೈಕಲ್ಲಿನ ಹಿಂದೆ ಕಟ್ಟಿ ಗಂಡನೇ ಮನೆಗೆ ತಂದಿಡುತ್ತಿದ್ದ. ಅದು ಅವನು ಹೆಂಡತಿಗೆ ಮಾಡಿದ ಒಂದೇ ಒಂದು ಉಪಚಾರ. ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಆಡಿದವನಲ್ಲ, ಜಾತ್ರೆಗೆ ಕರೆದುಕೊಂಡು ಹೋದವನಲ್ಲ, ಆದರೆ ಊರಿನ ಮೊದಲ ನೀರು ಅವಳ ಮನೆಗೆ. ಉಳಿದ ಹೆಂಗಸರು ಕರುಬುತ್ತಿದ್ದರು. ಘಟಕದ ನೀರು ಬಂದ ಮೇಲೂ ಅವಳು, “ಥೂ, ಸಪ್ಪೆ. ಅದರಲ್ಲಿ ಬೇಳೇನೂ ಬೇಯಲ್ಲ” ಎಂದು ಗಂಡ ತಂದ ಬಿಂದಿಗೆಯನ್ನೇ ಬಗ್ಗಿಸಿಕೊಂಡಳು. ಊರಿಗೆಲ್ಲ ಬಂದ ರೋಗ ಅವಳಿಗೆ ಎಲ್ಲರಿಗಿಂತ ಹೆಚ್ಚಾಗಿ ಬಂದದ್ದಕ್ಕೆ ಇನ್ನೇನು ಕಾರಣ ಬೇಕು? ಪ್ರೀತಿಯಿಂದ ತಂದುಕೊಟ್ಟದ್ದೇ ಮೂಳೆಗೆ ಇಳಿಯಿತು. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ.

ಅವಳ ಬೆನ್ನು ಮೊದಲು ಬಿಗಿಯಿತು, ಆಮೇಲೆ ಮಂಡಿ. ಕೆಳಗೆ ಕೂತರೆ ಏಳಲಾಗದು, ಹಿಂದಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಬೇಕು. ಕಳೆದ ಬೇಸಿಗೆಯ ಹೊತ್ತಿಗೆ ಕೋಲು ಊರಿಕೊಂಡು ನಡೆಯುವಂತಾದಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಫಿಲ್ಮು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ವಯಸ್ಸಿನಲ್ಲಿ ಚಿಕ್ಕವರು, ಸುಳ್ಳು ಹೇಳಲು ಇನ್ನೂ ಕಲಿತಿರಲಿಲ್ಲ.

“ಇದಕ್ಕೆ ಔಷಧಿ ಅಂತ ಏನೂ ಇಲ್ಲ ಯಜಮಾನ್ರೇ. ಮೊದ್ಲು ಆ ನೀರು ನಿಲ್ಸಿ. ಕೀಲು ಓಡಾಡ್ತಾ ಇರಬೇಕು. ಎದೆಮಟ್ಟ ಬೆಚ್ಚಗಿನ ನೀರಲ್ಲಿ ದಿನಾ ಸ್ವಲ್ಪ ಹೊತ್ತು ನಿಲ್ಸಿ, ನಡೆಸಿ. ನೀರಲ್ಲಿ ಮೈಭಾರ ಇರಲ್ಲ, ನೋವಿಲ್ದೆ ಕಾಲು ಆಡತ್ತೆ. ತಣ್ಣೀರು ಬೇಡ, ಇನ್ನೂ ಬಿಗಿಯತ್ತೆ” ಎಂದರು. ಆಮೇಲೆ ಕದಿರಮ್ಮನನ್ನು ಹೊರಗೆ ಕೂರಿಸಿ, ಬೆನ್ನುಮೂಳೆಯ ಒಳಗಿನ ದಾರಿ ಕಿರಿದಾಗುತ್ತಿದೆ, ಪಾದ ಮರಗಟ್ಟುವುದು ಶುರುವಾದರೆ ಆಮೇಲೆ ಕಾಲು ತಿರುಗಿ ಬರುವುದು ಕಷ್ಟ, ಇರುವಷ್ಟು ದಿನ ಕಾಲನ್ನು ಉಳಿಸಿಕೊಳ್ಳುವುದು ನೋಡಿ ಎಂದರು.

ಎದೆಮಟ್ಟ ಬೆಚ್ಚಗಿನ ನೀರು! ಗೌರಿಬಿದನೂರು ತಾಲೂಕಿನಲ್ಲಿ ಅದನ್ನು ಎಲ್ಲಿಂದ ತರುವುದು? ಮನೆಯ ಮುಂದಿನ ದನದ ತೊಟ್ಟಿ ಮೊಣಕಾಲಷ್ಟೇ ಆಳ. ಬಾವಿಯಲ್ಲಿ ಜಾಲಿ ಬೆಳೆದಿದೆ. ಕೆರೆಗೆ ಪಟ್ಟಣದ ಕೊಳಕು ತೊಳೆದ ನೀರು ಬರುತ್ತದೆ, ಅದರಲ್ಲಿ ಎಮ್ಮೆಯೂ ಮನಸ್ಸು ಮಾಡಿ ಇಳಿಯುವುದಿಲ್ಲ. ಹುಡುಗರು ಈಜುವ ಕೊಳ ಬೆಂಗಳೂರಿನಲ್ಲಿದೆಯಂತೆ, ಸೀರೆ ಉಟ್ಟ ಮುದುಕಿಯನ್ನು ಯಾರು ಒಳಗೆ ಬಿಟ್ಟಾರು? ಊರಿಗೆಲ್ಲ ನೀರು ಬಿಟ್ಟವನಿಗೆ ಹೆಂಡತಿಯನ್ನು ನಿಲ್ಲಿಸುವಷ್ಟು ನೀರು ಸಿಗಲಿಲ್ಲ.

ದಾರಿ ತೋರಿಸಿದವಳು ಮಗಳು ತನುಜ. ಅವಳಿಗೆ ಹೈಸ್ಕೂಲ್ ಟೀಚರ್ ಕೆಲಸ ಸಿಕ್ಕಿ ಕುಂದಾಪುರದ ಹತ್ತಿರ ಪೋಸ್ಟಿಂಗ್ ಆಗಿತ್ತು. ಬಾಡಿಗೆ ಮನೆಯಿಂದ ಸಮುದ್ರಕ್ಕೆ ಕೂಗಳತೆ ದೂರ. ಡಾಕ್ಟರು ಹೇಳಿದ್ದನ್ನು ಕೇಳಿದ ಕೂಡಲೇ ಫೋನಿನಲ್ಲಿ ಅವಳ ದನಿ ಏರಿತು.

“ಅಪ್ಪಾ, ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಾ. ಪರೀಕ್ಷೆ ಮುಗೀತು, ನನಗೆ ರಜ. ಏಪ್ರಿಲ್ಲು ಮೇನಲ್ಲಿ ಸಮುದ್ರ ಬೆಚ್ಚಗಿರತ್ತೆ. ಬೆಳಿಗ್ಗೆ ಅಲೆ ಸಣ್ಣದಾಗಿರತ್ತೆ. ದಿನಾ ಇಳಿಸಣ. ಜೂನ್ ಬಂದ್ರೆ ಮುಗೀತು, ಮಳೆ, ದೊಡ್ಡ ಅಲೆ, ಯಾರನ್ನೂ ನೀರಿಗೆ ಬಿಡಲ್ಲ.”

ಆವಲಪ್ಪ ಮೀಸೆಯಲ್ಲೇ ನಕ್ಕ. “ಬೇಸಿಗೇಲಿ ನೀರು ಬೆಚ್ಚಗಿರತ್ತಾ? ಯಾರಮ್ಮ ನಿನಗೆ ಹೇಳ್ದೋರು?”

“ನಾನು ವಿಜ್ಞಾನ ಪಾಠ ಮಾಡೋಳಪ್ಪ.”

“ನಾನು ನೀರು ಬಿಡೋನಮ್ಮ. ಸಾವಿರದ ಮುನ್ನೂರು ಅಡಿ ಬೋರು ಬೇಸಿಗೇಲಿ ಮುಟ್ಟಿದ್ರೆ ತಣ್ಣಗೈತೆ. ಮಾರ್ಗಶಿರದಾಗೆ ಹಬೆ ಬರ್ತೈತೆ. ಸಮುದ್ರಕ್ಕೆ ತಳಾನೇ ಇಲ್ಲ ಅಂತಾರೆ. ಅದಿನ್ನೆಷ್ಟು ಕಾಯಬೇಕು ನೀನೇ ಹೇಳು. ಚಳಿಗಾಲಕ್ಕೆ ಹೋದ್ರೆ ಕುದ್ದಂಗಿರತ್ತೆ.”

“ಅಯ್ಯೋ ಅಪ್ಪಾ, ಬೋರು ಕೆಳಗಿಂದ ಕಾಯೋದು. ಸಮುದ್ರ ಮೇಲಿಂದ, ಬಿಸಿಲಿಗೆ ಕಾಯೋದು.”

“ಒಲೆ ಯಾವತ್ತೂ ಕೆಳಗೇ ಇರತ್ತೆ ಕಣಮ್ಮ. ಮೇಲೆ ಒಲೆ ಇಟ್ಟು ಅನ್ನ ಬೇಯಿಸ್ದೋರನ್ನ ನಾನು ಕಂಡಿಲ್ಲ” ಎಂದ ಆವಲಪ್ಪ. ಜಗುಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಆ ನಗು ಕೇಳಿಸಿಯೇ ಇರಬೇಕು, ತನುಜ ಫೋನು ಇಟ್ಟಳು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಆದರೆ ಆವಲಪ್ಪನದು ಬರಿಯ ಹಟವಾಗಿರಲಿಲ್ಲ, ಅದನ್ನೂ ಹೇಳಬೇಕು. ಅವನಿಗೆ ಭಯವಿತ್ತು. ತಣ್ಣೀರಿಗೆ ಇಳಿಸಿದರೆ ಇನ್ನೂ ಬಿಗಿಯುತ್ತದೆ ಎಂದು ಡಾಕ್ಟರು ಹೇಳಿದ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಒಮ್ಮೆ ನೀರು ಕೊಟ್ಟು ಅವಳನ್ನು ಈ ಗತಿಗೆ ತಂದಿದ್ದೇನೆ, ಎರಡನೇ ಸಲ ತಪ್ಪು ನೀರಿಗೆ ಇಳಿಸಲಾರೆ ಎಂದು ಅವನು ಯಾರಿಗೂ ಹೇಳದೆ ಒಳಗೇ ಅಂದುಕೊಂಡಿದ್ದ. ಆದ್ದರಿಂದ ನಿಶ್ಚಯ ಮಾಡಿದ: ಮಳೆ ಕಳೆಯಲಿ, ಚಳಿ ಬರಲಿ, ನಮ್ಮ ಬೋರಿನ ಬಾಯಲ್ಲಿ ಹಬೆ ಕಂಡ ದಿನ ಹೊರಡುವುದು.

ಕದಿರಮ್ಮನನ್ನು ಯಾರೂ ಕೇಳಲಿಲ್ಲ. ಅವಳಿಗೆ ಸಮುದ್ರದ ಮೇಲೆ ಒಂದು ಆಸೆಯಿತ್ತು. ಎಂದೋ ರಾಮೇಶ್ವರಕ್ಕೆ ಹೋಗಿ ಬಂದ ಅತ್ತಿಗೆ, ಉಪ್ಪುನೀರಿನಲ್ಲಿ ನಿಂತರೆ ಅದೇ ಮೈಯನ್ನು ಎತ್ತಿ ಹಿಡಿಯುತ್ತದೆ ಎಂದು ಹೇಳಿದ್ದಳು. ಆಗ ಅದು ಕದಿರಮ್ಮನಿಗೆ ತಮಾಷೆಯಾಗಿತ್ತು. ಈಗ ರಾಗಿ ಬೀಸುವ ಕಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡಂತೆ ಓಡಾಡುವಾಗ ಆ ಮಾತು ದಿನಾ ನೆನಪಾಗುತ್ತಿತ್ತು.

“ಯಾವಾಗಾದ್ರೂ ಹೋಗಣ ಬಿಡು. ಈ ಭಾರ ಇಲ್ದಂಗೆ ಒಂದು ಸಲ ನಿಂತ್ಕೋಬೇಕು ಅಷ್ಟೇ” ಎಂದಳು ಗಂಡನಿಗೆ.

“ಸರಿಯಾದ ಕಾಲಕ್ಕೆ ಹೋಗಣ ಕಣೇ. ನೀರಿನ ವಿಷಯ ನನಗೆ ಬಿಡು” ಎಂದ ಅವನು. ಅವಳು ಬಿಟ್ಟಳು. ಮದುವೆಯಾದಂದಿನಿಂದ ನೀರಿನ ವಿಷಯವನ್ನು ಅವಳು ಅವನಿಗೇ ಬಿಟ್ಟಿದ್ದಳು.

ಏಪ್ರಿಲ್ ಹೋಯಿತು, ಮೇ ಹೋಯಿತು. ಆವಲಪ್ಪ ಆ ಬೇಸಿಗೆಯಲ್ಲಿ ಎರಡು ಮೂರು ಸಲ ಹೆಂಡತಿಯನ್ನು ಬೋರಿನ ಹತ್ತಿರ ಕರೆದುಕೊಂಡು ಹೋಗಿ, ಮೋಟರ್ ಹಾಕಿ, ನೀರಿಗೆ ಅವಳ ಕೈ ಹಿಡಿಸಿ, “ನೋಡು, ತಣ್ಣಗಿಲ್ಲವಾ? ಇದಕ್ಕೆ ಇಳಿಸಿದ್ರೆ ನೀನು ಉಳೀತಿದ್ಯಾ?” ಎಂದು ತೋರಿಸಿದ. ಅವಳು ಹೌದು ಎಂದಳು. ಮಳೆಗಾಲದಲ್ಲಿ ತನುಜ ಸಮುದ್ರದ ಫೋಟೋ ಕಳಿಸಿದಳು. ಮಣ್ಣಿನ ಬಣ್ಣದ ಅಲೆಗಳು, ಮರಳಿನಲ್ಲಿ ನೆಟ್ಟ ಕೆಂಪು ಬಾವುಟ. ಅದನ್ನು ನೋಡಿ ಕದಿರಮ್ಮ, “ಅಲ್ಲೂ ನೀರಿಗೆ ಕೆಂಪು ಬಳೀತಾರಾ?” ಎಂದಳು.

ಗೌರಿಹಬ್ಬದ ಹೊತ್ತಿಗೆ ಒಂದು ಕೋಲು ಎರಡಾಯಿತು. ದಸರಾ ರಜಕ್ಕೆ ತನುಜ ಊರಿಗೇ ಬಂದಳು. ತಾಯಿ ನಡುಮನೆಯಿಂದ ಹಿತ್ತಲಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬೋರಿನ ಮನೆಗೆ ಹೋಗಿ, ಸ್ಟಾರ್ಟರಿನ ಡಬ್ಬಿ ಒರೆಸುತ್ತಿದ್ದ ತಂದೆಯ ಮುಂದೆ ನಿಂತಳು.

“ಅಪ್ಪಾ, ನಾನು ಜಗಳಕ್ಕೆ ಬಂದಿಲ್ಲ. ಮಳೆ ನಿಂತಿದೆ, ಅಲೆ ಇಳಿದಿದೆ. ಈಗ್ಲೇ ನನ್ನ ಜೊತೆ ಕಳಿಸು.”

“ಇನ್ನೆರಡು ತಿಂಗಳು ತಡಿಯಮ್ಮ. ಇಷ್ಟು ದಿನ ಕಾದಿದ್ದೀವಿ.”

“ಅಮ್ಮನ ಕಾಲು ಕಾಯಲ್ಲಪ್ಪ.”

“ಹುಷಾರಾಗಿ ಮಾಡೋ ಕೆಲಸ ಇದು. ಅಲ್ಲಿಗೆ ಹೋಗಿ ನೀರು ತಣ್ಣಗಿದ್ರೆ ಯಾರು ಹೊಣೆ? ನೀನಾ?”

ಅವಳಿಗೆ ಆ ಪ್ರಶ್ನೆಗೆ ಹೌದು ಎನ್ನುವ ಧೈರ್ಯ ಬರಲಿಲ್ಲ. ತಾಯಿಯ ಕಾಲಿನ ಹೊಣೆ ಹೊರಲು ಯಾವ ಮಗಳಿಗೆ ಬಂದೀತು? ತಂದೆಯ ಮಾತಿನಲ್ಲಿ ಅಷ್ಟು ನಂಬಿಕೆ ಇರುವಾಗ ಅವಳಿಗೇ ಅನುಮಾನ ಹುಟ್ಟಿತು. ರಜ ಮುಗಿಸಿ ಒಬ್ಬಳೇ ಹೋದಳು. ಆ ದಿನ ಹಟ ಹಿಡಿಯಬೇಕಿತ್ತು ಎಂದು ಅವಳು ಈಗಲೂ ಅನ್ನುತ್ತಾಳೆ.

ದೀಪಾವಳಿ ಕಳೆದು ಚಳಿ ಹುಟ್ಟಿತು. ಅವರೆಕಾಯಿ ಬಂತು, ಬೀದಿಯೆಲ್ಲ ಅದರ ಸೊಗಡು. ಆವಲಪ್ಪ ದಿನಾ ಬೆಳಿಗ್ಗೆ ಮೋಟರ್ ಹಾಕಿದ ಕೂಡಲೇ ಕೊಳಾಯಿ ಬಾಯನ್ನು ನೋಡುತ್ತಿದ್ದ. ಒಂದು ಬೆಳಿಗ್ಗೆ ತೆಳ್ಳಗೆ ಹಬೆ ಎದ್ದಿತು. ಅವನು ಬೊಗಸೆ ತುಂಬಿಸಿ ಮುಖಕ್ಕೆ ಎರಚಿಕೊಂಡ. ಬೆಚ್ಚಗಿತ್ತು. ವಾಲ್ವು ತಿರುಗಿಸುವುದನ್ನೂ ಬಿಟ್ಟು ಮನೆಗೆ ಸೈಕಲ್ ತುಳಿದ.

ಕದಿರಮ್ಮ ಹಿತ್ತಲಿನ ಬಚ್ಚಲಲ್ಲಿ ಕಲ್ಲಿನ ಮೇಲೆ ಕೂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಹಂಡೆಯ ನೀರನ್ನು ನೆರೆಮನೆಯವಳು ಬಕೆಟ್ಟಿಗೆ ಬಗ್ಗಿಸಿಟ್ಟು ತಣ್ಣೀರು ತರಲು ಒಳಗೆ ಹೋಗಿದ್ದಳು. ಕದಿರಮ್ಮ ಅವಳಿಗೆ ಕಾಯದೆ ಹಿಡಿಯಿದ್ದ ಪ್ಲಾಸ್ಟಿಕ್ ಚೊಂಬು ಅದ್ದಿ ಅದ್ದಿ ಪಾದಕ್ಕೆ ಸುರಿದುಕೊಳ್ಳುತ್ತ, ಹಿದುಕಿದಬೇಳೆ ಸಾರಿಗೆ ಕಾಯಿ ತುರಿಯುವವರು ಯಾರು ಎಂದು ಒಳಗೆ ಕೂಗಿ ಕೇಳುತ್ತಿದ್ದಳು. ಆವಲಪ್ಪ ಬಂದವನು ಸಂತೋಷದಿಂದ, “ಹಬೆ ಬಂತು ಕಣೇ! ಹೊರಡಣ!” ಎಂದು ಬಕೆಟ್ಟಿಗೆ ಕೈ ಇಟ್ಟ. ಇಟ್ಟ ಕೈಯನ್ನು ಕಿರುಚಿ ಹಿಂದಕ್ಕೆ ಎಳೆದುಕೊಂಡ. ಕುದಿಯುವ ನೀರು ಅದು. ಅವಳ ಪಾದದ ಚರ್ಮ ಕೆಂಪಗೆ ಎದ್ದು ನಿಂತಿತ್ತು.

“ಏನೇ ಇದು? ಸುಡಲಿಲ್ಲವಾ?”

ಕದಿರಮ್ಮ ಬಗ್ಗಿ ನೋಡಲಾರಳು, ಬೆನ್ನು ಬಗ್ಗದು. “ಏನು ಸುಡೋದು?” ಎಂದಳು. ಗಂಡನ ಮುಖ ನೋಡಿ ಅವಳ ಕೈಯ ಚೊಂಬು ಅಲ್ಲೇ ನಿಂತಿತು.

ಚಿಕ್ಕಬಳ್ಳಾಪುರಕ್ಕೆ ಹೋದರು. ಅದೇ ಡಾಕ್ಟರು ಸೂಜಿಯ ತುದಿಯಿಂದ ಪಾದ, ಮೀನಖಂಡ, ಮಂಡಿ, ತೊಡೆ ಮುಟ್ಟುತ್ತ ಬಂದರು. ಸೊಂಟದ ಹತ್ತಿರ ಬಂದಾಗ ಕದಿರಮ್ಮ “ಹಾ, ಇಲ್ಲಿ ಗೊತ್ತಾಯ್ತು” ಎಂದಳು. ಅದರ ಕೆಳಗೆ ಎಲ್ಲಿ ಚುಚ್ಚಿದರೂ ಅವಳಿಗೆ ತಿಳಿದಿರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರೂ ನೋಡಿದರು. ಮೂಳೆ ಕಲ್ಲಿನಂತಾಗಿದೆ, ಕುಯ್ದರೂ ಫಲ ಸಿಗುವ ಭರವಸೆ ಇಲ್ಲ ಎಂದರು. ಸುಟ್ಟ ಗಾಯ ಮಾಯುವಷ್ಟರಲ್ಲಿ ನಿಲ್ಲುವುದೂ ಹೋಯಿತು. ಹಾಸಿಗೆ, ಗೋಡೆಗೆ ಒರಗಿಸಿದ ದಿಂಬು, ದಿನಾ ಮೈ ಒರೆಸುವ ಕೆಲಸ. ಆವಲಪ್ಪ ಅದನ್ನೆಲ್ಲ ತಾನೇ ಮಾಡಿದ. ವಾಲ್ವಿನ ಚಾವಿಯನ್ನು ಪಂಚಾಯಿತಿಯಲ್ಲಿ ಇನ್ನೊಬ್ಬನಿಗೆ ಕೊಟ್ಟು ಬಂದ. ಊರವರು ಅವನ ಮುಂದೆ ನೀರಿನ ಮಾತೆತ್ತುವುದನ್ನು ಬಿಟ್ಟರು.

ಇನ್ನು ಸಮುದ್ರ ಯಾಕೆ ಎಂದು ಎಲ್ಲರೂ ಅಂದರು. ತನುಜಳೂ ಅಂದಳು. ಒಪ್ಪದವಳು ಕದಿರಮ್ಮ ಒಬ್ಬಳೇ.

“ನಾನು ಭಾರ ಇಳಿಸ್ಕೋಬೇಕು ಅಂತ ಅಂದಿದ್ದೆ. ನಡೀತೀನಿ ಅಂದಿದ್ನಾ? ಕರ್ಕೊಂಡು ಹೋಗು” ಎಂದಳು.

ಸಂಕ್ರಾಂತಿ ಕಳೆದ ವಾರ ಬಾಡಿಗೆಗೆ ಗಾಡಿ ಓಡಿಸುವ ಅದೇ ಊರಿನ ಮುನಿಗಂಗಪ್ಪನ ಟಾಟಾ ಸುಮೊ ಬಂತು. ಹಿಂದಿನ ಸೀಟು ಕಳಚಿ ಹಾಸಿಗೆ ಹಾಕಿ ಅವಳನ್ನು ಮಲಗಿಸಿದರು. ಆವಲಪ್ಪ ಅವಳ ತಲೆಯ ಹತ್ತಿರ ಕೂತ. ತುಮಕೂರು, ಅರಸೀಕೆರೆ, ಆಮೇಲೆ ಘಟ್ಟ. ತಿರುವಿನಲ್ಲಿ ಅವಳ ಕಾಲು ಅತ್ತ ಇತ್ತ ಹೊರಳಿದಾಗಲೆಲ್ಲ ಅವನು ಎತ್ತಿ ಸರಿಯಾಗಿಡುತ್ತಿದ್ದ. ಅವಳಿಗೆ ತಿಳಿಯುತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲೇ, ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಮುನಿಗಂಗಪ್ಪ ಒಂದು ಕಡೆ, ಆವಲಪ್ಪ ಒಂದು ಕಡೆ ಹಿಡಿದು ಮರಳಿನ ಮೇಲೆ ಹೊತ್ತು ತಂದರು. ತನುಜ ಟವಲು ಹಿಡಿದು ಹಿಂದೆ ಬಂದಳು. ಗಾಳಿ ತಣ್ಣಗಿತ್ತು. ಅಲೆಗಳು ಸಣ್ಣಗೆ, ಒಂದರ ಹಿಂದೆ ಒಂದು ಅವಸರವಿಲ್ಲದೆ ಬರುತ್ತಿದ್ದವು. ಕದಿರಮ್ಮ ಬಾಯಿ ತೆರೆದು ನೋಡಿದಳು. “ಇಷ್ಟೊಂದು ನೀರಾ? ಯಾರಪ್ಪ ಇದಕ್ಕೆಲ್ಲ ವಾಲ್ವು ತಿರುಗಿಸೋರು?” ಎಂದಳು. ಮುನಿಗಂಗಪ್ಪ ನಕ್ಕ. ಆವಲಪ್ಪ ನಗಲಿಲ್ಲ.

ಕುರ್ಚಿ ಇಳಿಸಿ ಅವನು ಮುಂದೆ ಹೋಗಿ ಬಂದ ಅಲೆಗೆ ಬೊಗಸೆ ಒಡ್ಡಿದ. ನೀರು ಬೆಚ್ಚಗಿತ್ತು. ಆ ತಣ್ಣನೆಯ ಗಾಳಿಯಲ್ಲಿ ನಿಜವಾಗಿಯೂ ಬೆಚ್ಚಗಿತ್ತು. ಅವನ ಮುಖದಲ್ಲಿ ಒಂದು ಗಳಿಗೆ ಹಳೆಯ ಆವಲಪ್ಪ ಬಂದು ಹೋದ.

“ನೋಡಮ್ಮ ತನುಜ! ನಾನು ಹೇಳಲಿಲ್ಲವಾ? ಚಳಿಗಾಲಕ್ಕೆ ಬಿಸಿ! ಕೈ ಇಟ್ಟು ನೋಡು!”

“ಹೌದಪ್ಪ. ಬೆಚ್ಚಗಿದೆ” ಎಂದಳು ತನುಜ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವನು ಬಿಡುವವನಲ್ಲ.

“ಏಪ್ರಿಲ್ಲಲ್ಲಿ ಬಂದಿದ್ರೆ?”

“ಬಿಡಪ್ಪ ಈಗ.”

“ಹೇಳಮ್ಮ. ಏಪ್ರಿಲ್ಲಲ್ಲಿ ತಣ್ಣಗಿರ್ತಿತ್ತು ತಾನೆ?”

ಅವಳು ಸಮುದ್ರದ ಕಡೆ ಮುಖ ಮಾಡಿದಳು. “ಇಲ್ಲಪ್ಪ. ಇನ್ನೂ ಬೆಚ್ಚಗಿರತ್ತೆ. ಈಗ ಇಪ್ಪತ್ತೆಂಟು ಡಿಗ್ರಿ ಇದ್ರೆ ಆಗ ಮೂವತ್ತು. ಈ ಕಡೆ ಸಮುದ್ರ ವರ್ಷ ಪೂರ್ತಿ ಹೆಚ್ಚೂಕಮ್ಮಿ ಇಷ್ಟೇ.”

“ಎರಡು ಡಿಗ್ರಿ ಅಂದ್ರೆ ಎಷ್ಟು?”

“ಅಪ್ಪಾ...”

“ನನಗೆ ತಿಳಿಯೋ ಹಂಗೆ ಹೇಳು.”

“ಒಂದು ಬಕೆಟ್ಟು ಬೆಚ್ಚನೆ ನೀರಿಗೆ ಎರಡು ಚೊಂಬು ತಣ್ಣೀರು ಬೆರೆಸಿದಂಗೆ. ಅಷ್ಟೇ ವ್ಯತ್ಯಾಸ.”

ಆವಲಪ್ಪ ನೀರಿನಲ್ಲೇ ನಿಂತಿದ್ದ. ಅಲೆ ಬಂದು ಪಂಚೆ ನೆನೆಸಿ ಹೋಯಿತು. ಎರಡು ಚೊಂಬು ತಣ್ಣೀರು ಎಷ್ಟು ಎಂದು ಅವನ ಕೈಗೆ ಗೊತ್ತಿತ್ತು. ಮೈಗೆ ಹಾಕಿಕೊಂಡರೆ ಯಾರೂ ಹೆಚ್ಚು ಕಡಿಮೆ ಎನ್ನದಷ್ಟು. ಅಷ್ಟಕ್ಕಾಗಿ ಅವನು ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ದಸರಾ ಕಾದಿದ್ದ. ಮೊದಲ ಫೋನು ಬಂದ ದಿನ ಕದಿರಮ್ಮ ಒಂದು ಕೋಲು ಊರಿಕೊಂಡು ತಾನೇ ನಡೆದು ಬಂದು ಜಗುಲಿಯಲ್ಲಿ ಕೂತಿದ್ದಳು. ಅದು ಅವನ ಕಣ್ಣಿಗೆ ಕಟ್ಟಿತು.

ಮುನಿಗಂಗಪ್ಪ, ತನುಜ ಸೇರಿ ಕದಿರಮ್ಮನನ್ನು ಎತ್ತಿ ಎದೆಮಟ್ಟದ ನೀರಿಗೆ ತಂದು ಆವಲಪ್ಪನ ತೋಳಿಗೆ ಕೊಟ್ಟರು. ಅತ್ತಿಗೆ ಹೇಳಿದ್ದು ನಿಜವಾಗಿತ್ತು, ನೀರು ಅವಳನ್ನು ಎತ್ತಿ ಹಿಡಿಯಿತು. ಅಷ್ಟು ಬಿಗಿದ ಮೈ ಅವನ ಕೈಯಲ್ಲಿ ಹಗುರಾಯಿತು. ಕಾಲುಗಳು ಮಾತ್ರ ತಾವೇ ಮೇಲೆ ತೇಲಿ ಬಂದು ಅಲೆ ಹೋದ ಕಡೆ ಹೋದವು. ತನುಜ ಅವನ್ನು ಹಿಡಿದುಕೊಂಡು ಬೇರೆ ಕಡೆ ನೋಡಿದಳು.

“ಭಾರ ಇಲ್ಲ” ಎಂದಳು ಕದಿರಮ್ಮ. “ನೋಡು, ಒಂಚೂರೂ ಇಲ್ಲ.”

ಸ್ವಲ್ಪ ಹೊತ್ತಿಗೆ ಅವಳಿಗೆ ಉಸಿರು ಕಟ್ಟಿದಂತಾಯಿತು. ತಿರುಗಿ ತಂದು ಒದ್ದೆ ಮೈಗೆ ಟವಲು, ಮೇಲೆ ಶಾಲು ಸುತ್ತಿ ಅಲೆಯ ಅಂಚಿನಲ್ಲಿ ಕುರ್ಚಿಗೆ ಕೂರಿಸಿದರು. ತನುಜ, ಮುನಿಗಂಗಪ್ಪ ಒಣಗಿದ ಸೀರೆ ತರಲು ಮನೆಯ ಕಡೆ ಹೋದರು. ಆವಲಪ್ಪ ಕುರ್ಚಿಯ ಪಕ್ಕ ಮರಳಿನಲ್ಲೇ ಕುಸಿದು ಕೂತ. ಅವನ ಹೆಗಲು ಅಲುಗುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಕದಿರಮ್ಮ ಕಂಡಿರಲಿಲ್ಲ. ಕತ್ತು ತಿರುಗದ್ದರಿಂದ ಈಗಲೂ ಕಾಣಲಿಲ್ಲ, ಕೇಳಿಸಿತು.

ಒಂದು ಅಲೆ ಬಂದು ಅವಳ ಪಾದವನ್ನು ಮುಳುಗಿಸಿ ಹಿಂದಕ್ಕೆ ಸರಿಯಿತು. ಸುಟ್ಟ ಗಾಯದ ಕಲೆ ಮೇಲೆ ಮರಳು ನಿಂತಿತು.

“ಬೆಚ್ಚಗೈತೆ ಕಣಯ್ಯಾ” ಎಂದಳು ಕದಿರಮ್ಮ. “ಕಾಲಿಗೆ ಎಷ್ಟು ಹಿತವಾಗೈತೆ. ನೀನು ಹೇಳ್ದಂಗೇ ಐತೆ ನೀರು. ಏಪ್ರಿಲ್ಲಲ್ಲಿ ಬಂದಿದ್ರೆ ಇಷ್ಟು ಬೆಚ್ಚಗಿರ್ತಿರಲಿಲ್ಲ.”

ಅವಳ ಎರಡು ಕೈಯೂ ಶಾಲಿನೊಳಗೆ ಇದ್ದವು. ಆವಲಪ್ಪ ಅದನ್ನು ನೋಡಿದ. “ಹೌದಾ?” ಎಂದ.

“ಹೂಂ ಮತ್ತೆ. ನನ್ನ ಕಾಲು ನನಗೆ ಗೊತ್ತಾಗಲ್ವಾ?”

ಇನ್ನೊಂದು ಅಲೆ ಬಂತು. ಅವನು ಅವಳ ಪಾದಗಳನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೊಗಸೆಯಲ್ಲಿ ನೀರು ತುಂಬಿ ಮರಳು ತೊಳೆಯತೊಡಗಿದ. ಅವನು ನೀರು ಹಾಕಿದಾಗಲೆಲ್ಲ ಅವಳು ಬೆಚ್ಚಗೈತೆ, ಬೆಚ್ಚಗೈತೆ ಎಂದು ಹೇಳುತ್ತಲೇ ಇದ್ದಳು.